ಇಪ್ಪತ್ತು ಆಳು

ನಮ್ಮ ಆಳಂದದ ಕಡೆ ಬಾವಿಗೆ ಮೀಟರು ಹಿಡಿಯುವುದಿಲ್ಲ.
ಒಬ್ಬನ ಹೆಗಲೇರಿ ಒಬ್ಬ ನಿಂತಂತೆ ಲೆಕ್ಕ:
ಐದಾಳು, ಆರಾಳು, ಬೇಸಿಗೆಗೂ ಬತ್ತದ್ದು ಹತ್ತಾಳು.
ಪುಣೆಯ ಕೋರ್ಟಿನ ಕೆಳಗಿರುವ ಈ ನಿಲ್ದಾಣ
ಇಪ್ಪತ್ತು ಆಳು.
ಅಗೆದವರಲ್ಲಿ ನಾನೂ ಒಬ್ಬ.

ಆಗ ಮೆಟ್ಟಿಲಿರಲಿಲ್ಲ.
ಕ್ರೇನಿನ ತೊಟ್ಟಿಲಲ್ಲಿ ಎಂಟೆಂಟು ಮಂದಿ ಇಳಿಯುತ್ತಿದ್ದೆವು,
ಮಣ್ಣು ಹೋದ ದಾರಿಯಲ್ಲೇ ಬುತ್ತಿ ಬರುತ್ತಿತ್ತು.
ತಲೆಯೆತ್ತಿದರೆ ಆಕಾಶ ಒಂದು ಜೋಳದ ರೊಟ್ಟಿಯಷ್ಟು.
ಒಂದು ಮಧ್ಯಾಹ್ನ ಕರೆಂಟು ಹೋಗಿ
ತೊಟ್ಟಿಲು ನಡುವೆ ನಿಂತಾಗ
ಯಾರೋ ಬೀಡಿ ಕೇಳಿದ.
ಯಾರೂ ನಗಲಿಲ್ಲ.

ಈಗ ನೀಲಿ ಅಂಗಿ, ಕೊರಳಿಗೆ ಕಾರ್ಡು,
ಲಿಫ್ಟಿನ ಬಾಗಿಲಲ್ಲಿ ನಿಲ್ಲುವ ಕೆಲಸ.
ಒಂಬತ್ತೂಕಾಲಿಗೆ ಹೇಮಾಂಗಿ ಢವಳೆ ಬರುತ್ತಾರೆ,
ಎಡಗಾಲಿ ಕಿರುಗುಟ್ಟುವ ಕುರ್ಚಿ, ತೊಡೆಯ ಮೇಲೆ
ದಾರ ಕಟ್ಟಿದ ಕಾಗದದ ಕಟ್ಟು.
ಹೊರಗೆ ಬೇವಿನ ಕೆಳಗೆ ಅವರ ಟೈಪಿಂಗ್ ಮೇಜು.
ಮರಾಠಿಯ ‘ತಾಈ’ ನನ್ನ ಬಾಯಲ್ಲಿ ‘ತಾಯಿ’ಯಾಗುತ್ತದೆ;
ಅವರು ತಿದ್ದುವುದಿಲ್ಲ.

ಲಿಫ್ಟಿನ ಮುಂದೆ ‘ದುರಸ್ತಿಯಲ್ಲಿದೆ’ ಎಂಬ ಫಲಕವಿದ್ದ ದಿನ
ಎಸ್ಕಲೇಟರನ್ನು ತುಂಬಿದ ಹೊಳೆಯಂತೆ ನೋಡಿ
ಮರಳಿ ಶಿವಾಜಿನಗರಕ್ಕೆ ಹೋಗಿ, ಅಲ್ಲಿ ಮೇಲೆ ಬಂದು
ಬಸ್ಸುಗಳ ಹೊಗೆಯಲ್ಲಿ ಚಕ್ರ ತಳ್ಳಿಕೊಂಡು ಬರುತ್ತಾರೆ.
ಅವತ್ತು ಅಂಗೈ ಕಪ್ಪು.
ಅದೇ ಕೈ ಬಿಳಿ ಹಾಳೆ ಮುಟ್ಟಬೇಕು.

ಕಳೆದ ಮಂಗಳವಾರ ಅಣಕು ಬೆಂಕಿ.
ಸೈರನ್ನು ಕೂಗಿತು, ಮೂರು ಭಾಷೆಯಲ್ಲಿ ಒಬ್ಬಳೇ ಹೇಳಿದಳು:
ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ.
ಲಿಫ್ಟು ಮಾತ್ರ ಎಲ್ಲರಿಗಿಂತ ಮೊದಲು
ತಾನೇ ಮೇಲೆ ಹೋಗಿ ಬಾಗಿಲು ತೆರೆದು ನಿಂತಿತು.
ಅದರ ತಲೆಯಲ್ಲಿ ಹಾಗೆ ಬರೆದಿದ್ದಾರಂತೆ.

ಹಸಿರು ಫಲಕದ ಮನುಷ್ಯ ಓಡುತ್ತಿದ್ದ. ಅವನು ಸದಾ ಓಡುತ್ತಾನೆ,
ಒಂದು ದಿನವೂ ಕೂತದ್ದು ಕಂಡಿಲ್ಲ.
ಅವನ ಹಿಂದೆ ಕರಿಕೋಟುಗಳು, ಕಾಲೇಜು ಹುಡುಗರು,
ಬೇಡಿ ತೊಟ್ಟ ಕೈದಿ, ಬೇಡಿ ಹಿಡಿದ ಪೊಲೀಸು.
ಮೂರನೆಯ ತಿರುವಿನಲ್ಲಿ ಇಬ್ಬರಿಗೂ ದಮ್ಮು ಕಟ್ಟಿ
ಒಂದೇ ಮೆಟ್ಟಿಲ ಮೇಲೆ ಕೂತರು.
ಕೈದಿಯೇ ಮೊದಲು ಎದ್ದನಂತೆ.

ಕೆಳಗೆ, ನೆಲಕ್ಕೆ ಬಳಿದ ಹಳದಿ ಚೌಕದಲ್ಲಿ ತಾಯಿ, ಪಕ್ಕದಲ್ಲಿ ನಾನು.
ಗೋಡೆಯ ಮೇಲೆ: ‘ನೆರವಿಗಾಗಿ ಇಲ್ಲಿ ಕಾಯಿರಿ.’
ಕಾದೆವು.
ವಾಕಿಟಾಕಿಯಲ್ಲಿ ಸಾಹೇಬರ ದನಿ:
ಒಂಬತ್ತು ನಿಮಿಷ ಹತ್ತು ಸೆಕೆಂಡು, ಎಲ್ಲರೂ ಹೊರಗೆ, ಶಾಬ್ಬಾಸ್.

ತಾಯಿ ಗೋಡೆಯ ಕೆಂಪು ಫೋನೆತ್ತಿದರು:
“ನಿಮ್ಮ ಎಲ್ಲರಲ್ಲಿ ನಾನಿದ್ದೇನೆಯೇ?”
ಅತ್ತ ಕಾಗದ ಮಗುಚುವ ಸದ್ದು.
“ನೀವು ಸುರಕ್ಷಿತ ಅಂತ ಬರೆದುಕೊಂಡಿದ್ದೇವೆ, ಮೇಡಂ.”
“ಹಾಗಾದರೆ ಅಫಿಡವಿಟ್ ಕೊಡಿ. ಟೈಪು ನಾನೇ ಮಾಡುತ್ತೇನೆ.”

ಆಮೇಲೆ ನನ್ನ ಕಡೆ ತಿರುಗಿ:
“ನಿಜದ ಹೊಗೆಯಾಗಿದ್ದರೆ?”
ಬೆನ್ನ ಮೇಲೆ ಹೊರುತ್ತಿದ್ದೆ ಎನ್ನಬೇಕೆಂದಿದ್ದೆ.
ಮೊಣಕಾಲು ನೆನಪಾಯಿತು.
ಅದಕ್ಕೇ ಬಾವಿಯ ಅಳತೆ ಹೇಳಿದೆ,
ಆಳು, ಹತ್ತಾಳು, ಇದು ಇಪ್ಪತ್ತಾಳು ಎಂದು.
ಬೆರಳಲ್ಲಿ ಎಣಿಸುತ್ತ ಕೇಳಿಸಿಕೊಂಡರು.
“ಕೂತವರನ್ನು ಅಳತೆಗೆ ಹಿಡಿಯುತ್ತಾರಾ ನಿಮ್ಮೂರಲ್ಲಿ?”

ಅಷ್ಟರಲ್ಲಿ ಲಿಫ್ಟು ಇಳಿದು ಬಂತು,
ಏನೂ ಆಗಿಲ್ಲವೆಂಬಂತೆ, ದೀಪ ಉರಿಸಿಕೊಂಡು, ಖಾಲಿ.
ತಾಯಿ ಹಿಂದುಹಿಂದಾಗಿ ಒಳಸರಿದರು.

ರಾತ್ರಿ ಕೊನೆಯ ಗಾಡಿ ಹೋದ ಮೇಲೆ
ಆಪತ್ತಿನ ಮೆಟ್ಟಿಲಿಗೆ ಸುಣ್ಣದ ಕಡ್ಡಿ ಒಯ್ದೆ.
ಗೋಡೆಗೊರಗಿ ಕೂತು, ನೆತ್ತಿಗೊಂದು ಗೆರೆ,
ಗೆರೆಯ ಮಟ್ಟಕ್ಕೆ ಹತ್ತಿ ಮತ್ತೆ ಕೂತು, ಮತ್ತೊಂದು.
ನಡುನಡುವೆ ಉಸಿರಿಗಾಗಿ ಕೂತದ್ದು ಬೇರೆ.
ಬಾಗಿಲ ಹತ್ತಿರ ಬಂದಾಗ ಇಪ್ಪತ್ತಾರಾಗಿತ್ತು.

ಬೆಳಿಗ್ಗೆ ಒರೆಸುವವರು ಕೆಳಗಿನ ಮೂರು ಗೆರೆ ಅಳಿಸಿದ್ದರು.
ಮಿಕ್ಕವು ಹಾಗೇ ಇವೆ.
ಅಷ್ಟು ಮೇಲೆ ಯಾರೂ ಹತ್ತುವುದಿಲ್ಲ.