ಗಾಡಿ ಹಿಡದೋ, ಬಿಟ್ಟೋ

ಕಣ್ಣಿ ಮಾರ್ಕೆಟಿನಿಂದ ಜಗತ್ ಸರ್ಕಲ್ ತನ
ಪೇರಲ ತುಂಬಿದ ಠೇಲಾ ಒತ್ತಿಕೋತ ಹೋಗ್ತೀನಿ,
ಕಲಬುರಗಿ ಬಿಸಿಲಾಗ, ಒಂದು ಸಲಾನೂ ಕೂಡದೆ.
ಗಾಡಿ ನಿಲ್ಲಿಸಿ ಬರಿಗೈಲೆ
ಚಹಾದ ಅಂಗಡಿಗಿ ಹೋಗಂದ್ರ
ಮೂವತ್ತು ಹೆಜ್ಜಿಗಿ ಕಾಲು ನಂದಲ್ಲ.

ತಂಗಿ ಸುಗಲಾಬಾಯಿ ಇದನ್ನ ನೋಡ್ಯಾಳ.
"ರೊಕ್ಕ ಬರೂ ಕಡಿ ನಡೀತಾವ ನಿನ್ನ ಕಾಲು.
ನನ್ನ ಮಗನ ಅಕ್ಕಿಕಾಳಿಗಿ ನಿಲ್ಲಲಿಲ್ಲ."

ಏನು ಹೇಳ್ಲಿ.
ಹಂದರದಾಗ ಎಲ್ಲಾರೂ ಎದ್ದು ನಿಂತಾಗ
ಟೊಂಕದಿಂದ ಬೆಂಕಿ ಇಳದು ಮೀನಖಂಡಕ್ಕ ಬಂತು,
ಪಾದಕ್ಕ ಇರಬಿ ಮುತ್ತಿದವು.
ಹಿಡಿಯಾಗಿನ ಅಕ್ಕಿ ಹಿಡಿಯಾಗೇ ಉಳೀತು.
ಕುರ್ಚಿ ಎಳಕೊಂಡು ಕುಂತೆ, ಮುಂದಕ್ಕ ಬಾಗಿದೆ,
ನೋವು ಹೋತು.
ಹೋಗಿದ್ದೇ ತಪ್ಪಾತು.
ಫೋಟೋದಾಗ ನಾ ನಗಲಾಕತ್ತೀನಿ.

ಹೇಳಿದ್ರ ಯಾರು ನಂಬ್ತಾರ:
ಏರು ಸಸಾರ, ಇಳಕಲೇ ಕಷ್ಟ ಅಂತ,
ರಾತ್ರಿ ಮೊಣಕಾಲು ಮಡಚಿ
ಕೂಸಿನಂಗ ಮಗ್ಗಲಾದ್ರೇ ನಿದ್ದಿ ಅಂತ.
ಒಂದಿನ ಎಡಗಾಲ ಚಪ್ಪಲಿ ಹಿಂದೆಲ್ಲೋ ಬಿದ್ದದ.
ಒಂದು ಹುಡುಗ ಓಡಿ ಬಂದು "ಆಯಿ, ನಿಂದಲ್ಲ?" ಅಂದಾಗ
ಕೆಳಗ ನೋಡಿ ತಿಳಕೊಂಡೆ, ಹೌದು, ನಂದು.

ದೊಡ್ಡ ದವಾಖಾನ್ಯಾಗ ಡಾಕ್ಟರ ಕೇಳ್ದ:
"ಎಷ್ಟು ದೂರ ನಡೀತಿ, ಜಗದೇವಿ?
ಗಾಡಿ ಹಿಡದೋ, ಬಿಟ್ಟೋ?"
ಮೂರು ವರ್ಷದಾಗ ಯಾರೂ ಕೇಳದ ಮಾತು.
ಕಣ್ಣಾಗ ನೀರು ಬಂತು,
ಅಂವ ನೋವಿಗಿ ಅನಕೊಂಡ.

ಉಚ್ಚಿ ತಡೀತದೇನು ಅಂತ ಕೇಳಿದಾಗ ನಾ ಗೋಡಿ ನೋಡ್ದೆ.
"ಅದು ಕೈ ಮೀರಿದ್ರ ಅವತ್ತೇ ಬಾ,
ಸೋಮವಾರ ಮಂಗಳವಾರ ಅನ್ನಬ್ಯಾಡ."

ಕರಿ ಫಿಲ್ಮು ಬೆಳಕಿಗಿ ಹಿಡದು ತೋರಿಸಿದ:
ಬೆನ್ನೆಲುಬಿನೊಳಗ ನರ ಹೋಗೂ ದಾರಿ,
ಇಲ್ಲಿ ಬಂದು ಇರಕಾಗ್ಯದ.
ಇದೇನು, ನಮ್ಮ ಓಣಿ ಅಂದೆ ನಾ.
ಶರಣಪ್ಪ ಒಂದು ಮೊಳ ಕಟ್ಟಿ ಮುಂದ ತಂದ,
ಎದುರಿನಾಕಿ ನೀರಿನ ಡ್ರಮ್ಮು ಇಟ್ಟಳು,
ಯಾರದೋ ಮೋಟರ್ ಸೈಕಲ್ಲು.
ಊರ ಹೊರಗಿನವರು ಯಾರೂ ಬಂದು ಮುಚ್ಚಿಲ್ಲ.
ಈಗ ನನ್ನ ಠೇಲಾ ಒಳಗ ಬರಂಗಿಲ್ಲ,
ರಾತ್ರಿ ಬೇವಿನ ಗಿಡಕ್ಕ ಸರಪಳಿ ಹಾಕಿ ಬರ್ತೀನಿ.

ಡಾಕ್ಟರ ನಕ್ಕ. ಹಾಂಗೇ ಅಂದ.
ಎಲುಬು ಬೆಳದದ, ಗಾದಿ ಉಬ್ಬ್ಯದ,
ಬಾಗಿದಾಗ ದಾರಿ ಚೂರು ಬಿಚ್ಚತದ,
ನೆಟ್ಟಗಾದ್ರ ನರ ಹಿಚಕತದ.
ನೆಟ್ಟಗ ನಿಂತು ಮಾತಾಡು ಅಂತ
ನಮ್ಮವ್ವ ಕಲಿಸಿದ್ದು ಒಂದೇ ವಿದ್ಯಾ.

ಗುಳಿಗಿ ಕೊಟ್ಟ. ಕಸರತ್ತು ಬರದ.
ಆಗದಿದ್ರ ಕೊಯ್ಯೂದು, ನೋಡೋಣು ಅಂದ.

ಹೊರಗ ಬಂದ್ರ ಗೇಟು ದೂರ ಅದ,
ಗಾಡಿ ಇಲ್ಲ.
ಗೋಡಿಗಿ ಒಂದು ಖಾಲಿ ಗಾಲಿಕುರ್ಚಿ ನಿಂತಿತ್ತು.
ಹಿಂದಿನ ಹಿಡಿಕಿ ಹಿಡದು, ಬಾಗಿ, ಒತ್ತಿಕೋತ ಹೊಂಟೆ.
ವಾರ್ಡಿನ ಹುಡುಗ ಒದರಿದ:
"ಏ ಆಯಿ, ಅದು ಕುಂದರಲಾಕ!"

ಗೊತ್ತದಪಾ.
ಗೇಟಿನತನ ಅಷ್ಟೇ. ಅಲ್ಲೇ ಬಿಟ್ಟು ಹೋಗ್ತೀನಿ.