ಇಲ್ಲಿ ಬೀಸಣಿಗೆ

ನಾನು ಸೋರೆಬುರುಡೆ ಕೆರೆಯುವವ.
ಗೀರು ಕೊರೆದ ಒಣ ಬುರುಡೆ, ಒಂದು ಕಡ್ಡಿ;
ಮತಾನ್ಸಾಸಿನ ಕುಣಿತದ ಮನೆಗಳಲ್ಲಿ
ಇಪ್ಪತ್ತಾರು ವರ್ಷ ಕರಕರ ಎನಿಸಿದೆ.
ಸ್ವರ ಓದಲು ಬಾರದು. ನನ್ನ ಸಾಕ್ಷಿ ಅಷ್ಟೇ.

ಎಲಿಹಿಯೊ ಸಂಬ್ರಾನ ಹಗಲಲ್ಲಿ ರಂಗಮಂದಿರದ ನಕಲುಗಾರ.
ಹಡಗಿಳಿದು ಬಂದ ಆಪೆರಾ,
ಯಾರೋ ವಿಯೆನ್ನಾದವನ ನಾಲ್ಕು ತಂತಿವಾದ್ಯದ ಕೃತಿ,
ಹಾಳೆಗೆ ಎರಡು ಕಾಸು, ಶಾಯಿ ತನ್ನದೇ.
ಮುಂಬಾಗಿಲು ಅವನ ಬಣ್ಣದವರಿಗಲ್ಲ.
ಬೆರಳಿಗೆ ಅಂಟಿಕೊಂಡು ಬಂದದ್ದನ್ನು
ರಾತ್ರಿ ನಮ್ಮೆದುರು ಕೊಡವುತ್ತಿದ್ದ.

ನಮ್ಮ ಕುಣಿತಕ್ಕೊಂದು ಕಟ್ಟಳೆ:
ನಡುನಡುವೆ ಜೋಡಿಗಳು ನಿಲ್ಲಬೇಕು.
ಬೆವರೊರೆಸಿ, ಬೀಸಣಿಗೆ ಬಿಚ್ಚಿ,
ಪಕ್ಕದವಳ ಓಲೆ ನೋಡಿಯೂ ನೋಡದ ಹಾಗೆ ಮಾಡಿ,
ಮತ್ತೆ ಹೆಜ್ಜೆ.
ಆ ಬಿಡುವಿನಲ್ಲಿ ತಂದಿಟ್ಟ
ವಿಯೆನ್ನಾದವನ ಅತಿ ನಿಧಾನದ ತುಂಡು.
ಎಂಟೇ ಆವರ್ತ.
"ಕುಣಿಯುವವರು ಎಲ್ಲಿ ಕೇಳುತ್ತಾರೆ?
ನಿಂತಾಗ ಕಿವಿಗೆ ಬೇರೆ ಕೆಲಸವಿಲ್ಲ."

ಆ ಎಂಟರಲ್ಲಿ ನಾನು ಸುಮ್ಮನಿರಬೇಕಂತೆ.
ಸಿಟ್ಟು ಬಂತು. ಕೆರೆಯದೆ ಕೂರಲು ಕೂಲಿ ಯಾಕೆ ಎಂದೆ.
"ಕೆರೆಯದೆ ಇರುವುದಕ್ಕೇ," ಎಂದ.

ಸಂಗೀತಶಾಲೆಯ ದೋನ್ ಫುಲ್ಹೆನ್ಸಿಯೊ ಪತ್ರಿಕೆಯಲ್ಲಿ ಬರೆದ:
ದೇವರ ಪೀಠದ ವಸ್ತ್ರ ಕತ್ತರಿಸಿ
ಲಂಗ ಹೊಲಿದಿದ್ದಾನೆ.
ಎಲಿಹಿಯೊ ಅದನ್ನು ನಮಗೆ ಎರಡು ಸಲ ಓದಿದ.
ಮೊದಲ ಸಲ ನಕ್ಕ.
ಎರಡನೆಯ ಸಲ ಕೇಳಿದ, ಅಳತೆ ಸರಿಯಿತ್ತೇ,
ಉಟ್ಟವಳನ್ನು ಯಾರಾದರೂ ವಿಚಾರಿಸಿದರೇ?

ಆಮೇಲೊಂದು ಬೆಳಿಗ್ಗೆ, ಸಾನ್ ಹುವಾನ್ ನದಿಯ ದಡ.
ಅಗಸಗಿತ್ತಿ ಕಾಂದೆಲಾರಿಯಾ ಯಾರದೋ ಅಂಗಿ ಬಡಿಯುತ್ತ
ಗುನುಗುತ್ತಿದ್ದಳು.
ಮೇಲಿನ ರಾಗವಲ್ಲ.
ನಡುವೆ ಎಲ್ಲೋ ಹುದುಗಿದ ವಿಯೋಲಾದ ಎಳೆ,
ದುಡ್ಡು ಕೊಟ್ಟು ಕೂತವರಿಗೂ ಕೇಳಿಸದ್ದು.
ಎಲಿಹಿಯೊ ಕೆಸರಲ್ಲೇ ಕೂತುಬಿಟ್ಟ,
ಇದ್ದ ಒಂದೇ ಬಿಳಿ ಪ್ಯಾಂಟಿನಲ್ಲಿ.
ಅವಳು ಬೈದಳು: ಇದನ್ನೂ ನಾನೇ ಒಗೆಯಬೇಕೇ?

ಹಳದಿ ಜ್ವರಕ್ಕೆ ಹೋದ. ಕ್ಲಾರಿನೆಟ್ ಸಾಲಕ್ಕೆ ಹೋಯಿತು.
ಹಾಳೆಗಳು ಸಕ್ಕರೆ ಅಂಗಡಿಯ ಪೊಟ್ಟಣವಾದವು.
ಒಂದನ್ನು ಬಿಡಿಸಿ ತಂದಿಟ್ಟುಕೊಂಡಿದ್ದೆ, ಸುಮ್ಮನೆ.

ಮೊನ್ನೆ ಮೊಮ್ಮಗಳು ಓದಿ ಹೇಳಿದಳು.
ಅಂಚಿನಲ್ಲಿ ಅವನ ಓರೆ ಅಕ್ಷರ: ಇಲ್ಲಿ ಬೀಸಣಿಗೆ.
ಅದರ ಕೆಳಗಿನ ಸಾಲಿಗೆ ನನ್ನ ಹೆಸರು, ಸೆವೆರೊ,
ಹೆಸರಿನ ಮುಂದೆ
ಎಂಟು ಖಾಲಿ ಮನೆ,
ಒಂದೊಂದಕ್ಕೂ ಗೀಟೆಳೆದು,
ಒಂದೊಂದಕ್ಕೂ ಅಂಕಿ ಹಾಕಿ.