ಖಾಲಿ ಬೆನ್ನು

ನಾಲ್ಕಕ್ಕೇ ಎಚ್ಚರ. ಮೊದಲು ಮೊಣಕಾಲಿಗೆ,
ಆಮೇಲೆ ನನಗೆ.
ಒಟೀಲಿಯಾ ಒಲೆಗೆ ಇನ್ನೂ ಕಡ್ಡಿ ಗೀರಿಲ್ಲ;
ಮಲಗಿದವರ ಉಸಿರು ಕಿಟಕಿಯ ಗಾಜಲ್ಲಿ ಹೆಪ್ಪುಗಟ್ಟಿದೆ.
ಬೂಟು ಕೈಯಲ್ಲಿ ಹಿಡಿದು, ಕಳ್ಳನ ಹಾಗೆ,
ಮೂವತ್ತೊಂದು ವರ್ಷ ನಾನೇ ಹೊತ್ತು ತುಂಬಿಸಿದ ಮನೆಯಿಂದ
ಮೆಲ್ಲಗೆ ಹೊರಬಿದ್ದೆ.

ಈ ಮನೆಗೆ ನಾನು ಹೊರದೇ ಬಂದದ್ದು ಗಾಳಿಯೊಂದೇ.
ಗ್ಯಾಸ್ ಸಿಲಿಂಡರು, ಬಿಯರ್ ಪೀಪಾಯಿ, ಎಲೆಕೋಸು, ಹಿಟ್ಟು,
ಒಮ್ಮೆ ಒಂದು ಕಬ್ಬಿಣದ ಒಲೆ, ಕಾಲು ಬಿಚ್ಚಿ, ಎರಡು ಸಲಕ್ಕೆ.
ಇಳಿಯುವ ದಾರಿಯಲ್ಲೂ ಒಮ್ಮೆ ಹೊರೆ:
ಕಾಲು ಮುರಿದ ಒಬ್ಬ ಜೆಕ್ ಮೇಷ್ಟ್ರು,
ಕಣಿವೆಯ ತನಕ ನನ್ನ ಕಿವಿಯಲ್ಲೇ ಕ್ಷಮೆ ಕೇಳುತ್ತ.
ಇಷ್ಟು ವರ್ಷ ತಾತ್ರಾ ಬೆಟ್ಟ ಅಂದರೆ ನನಗೆ
ನನ್ನವೇ ಎರಡು ಬೂಟು, ನಡುವೆ ಒಂದು ಮೊಳ ಹಿಮ.
ತಲೆಯೆತ್ತಿದರೆ ಹೊರೆ ಹಿಂದಕ್ಕೆ ಜಗ್ಗುತ್ತದೆ.
ಮನೆಯಾಚೆಯ ಶಿಖರ, ನಮ್ಮೂರವರ ಬಾಯಲ್ಲಿ ಅದು ‘ಮುದುಕಿ’,
ಅಲ್ಲಿಗೆ ಯಾರೂ ಆಲೂಗಡ್ಡೆ ತರಿಸಲಿಲ್ಲ,
ನಾನು ಹೋಗಲಿಲ್ಲ.

ನಿನ್ನೆ ಕೊನೆಯ ಹೊರೆ. ಸಹಿ ಹಾಕಿಸಿಕೊಂಡರು.

ಟಾರ್ಚಿನ ಬೆಳಕು ಒಂದು ತಟ್ಟೆಯಗಲ.
ಹಿಮದ ಮೇಲ್ಪದರ ಹಳಸಲು ರೊಟ್ಟಿಯಂತೆ ಮುರಿಯುತ್ತದೆ.
ನೂರು ಹೆಜ್ಜೆಗೇ ತಿಳಿಯಿತು: ನನಗೆ ನಡೆಯಲು ಬರುವುದಿಲ್ಲ.
ಬೆನ್ನ ಮೇಲೆ ಏನೂ ಇಲ್ಲದ ಒಡಲು
ಅತ್ತೊಮ್ಮೆ ಇತ್ತೊಮ್ಮೆ,
ಮದುವೆ ಮುಗಿಸಿ ಮರಳುವ ಮಾವನ ಹಾಗೆ.
ಎರಡು ಸಲ ಬಿದ್ದೆ. ಎರಡನೆಯ ಸಲ ಕೂತೇ ನಕ್ಕೆ.
ನಗು ಬಂಡೆಗೋಡೆಗೆ ಬಡಿದು ತಿರುಗಿ ಬಂತು,
ಯಾರೋ ಕಿರಿಯವನದು ಎಂಬಂತೆ.

ಅಭ್ಯಾಸಬಲ, ಮರದ ಚೌಕಟ್ಟು ಹೆಗಲಲ್ಲೇ ಇತ್ತು,
ಅದಕ್ಕೆ ಕಟ್ಟಿದ್ದ ಖಾಲಿ ಗೋಣಿಯೂ.
ಬಿಚ್ಚಿ, ಹಿಮ ಬಾಚಿ ಬಾಚಿ ತುಂಬಿದೆ.
ಇಪ್ಪತ್ತು ಕಿಲೋ? ಬೆನ್ನು ‘ಇನ್ನೂ’ ಅಂದಿತು.
ಮೂವತ್ತು.
ಆಗ ಕಾಲುಗಳು ತಮ್ಮ ಕಸುಬಿಗೆ ಮರಳಿದವು.

ಕಡಿದಾದ ಕೊರಕಲಲ್ಲಿ ಬೂಟಿನಡಿಯ ಉಕ್ಕಿನ ಹಲ್ಲು
ಕಚ್ಚಿ, ಬಿಟ್ಟು, ಕಚ್ಚಿ.
ಬಂಡೆಯಂಚಿನಿಂದ ಒಂದು ಕಾಡುಮೇಕೆ ನೋಡಿತು,
ಹಿಮದ ಬೆಟ್ಟಕ್ಕೆ ಹಿಮ ಹೊರುವವನನ್ನು.
ಕಿವಿ ಕೂಡ ಅಲುಗಿಸಲಿಲ್ಲ.

ನೆತ್ತಿ. ಗಾಳಿಗೆ ಕಣ್ಣೀರು ರೆಪ್ಪೆಯಲ್ಲೇ ಗಟ್ಟಿ.
ಆ ಕಡೆ ಪೋಲೆಂಡು ಇನ್ನೂ ನೀಲಿ, ದೀಪಗಳು ಒಂದೊಂದೇ ಆರುತ್ತ;
ಈ ಕಡೆ ಬಿಸಿಲು ತಾಗಿದ್ದು ಮೊದಲು ಟೋಪಿಯ ತುದಿಗೆ,
ಮೂಗಿಗೆ ಬರಲು ತಡವಾಯಿತು.
ಏನು ಮಾಡಬೇಕೋ ತೋಚಲಿಲ್ಲ.
ಮೇಲೆ ಬಂದ ಮೇಲೆ ನನಗೆ ಗೊತ್ತಿರುವುದೊಂದೇ, ಇಳಿಸುವುದು.
ಗೋಣಿಯ ತಳ ಹಿಡಿದು ಕೊಡವಿದೆ,
ಅಂಗೈಯಲ್ಲಿ ತಟ್ಟಿ ಕೂರಿಸಿದೆ.
ಮುದುಕಿ ಇವತ್ತು ಎರಡು ಗೇಣು ಎತ್ತರ,
ಮಧ್ಯಾಹ್ನದ ಗಾಳಿಯವರೆಗೆ.
ಸಹಿ ಹಾಕಲು ಯಾರೂ ಇರಲಿಲ್ಲ.

ಇಳಿದು ಬಂದಾಗ ಒಟೀಲಿಯಾ ಸೌದೆ ಸೀಳುತ್ತಿದ್ದಳು.
“ಏನು ಕಂಡೆ ವೆಂಡೆಲಿನ್, ಅಷ್ಟು ಮೇಲಿಂದ?”
ಹೇಳಲು ಬಾಯಿ ತೆರೆದೆ. ಬೂಟು ನೋಡಿಕೊಂಡೆ.
“ನಿನ್ನ ಚಿಮಣಿ ತೇಕುತ್ತಿದೆ,
ಒಳಗೆ ಮಸಿ ಕಟ್ಟಿರಬೇಕು,” ಅಂದೆ.
ಚಹಾ ಕೊಟ್ಟಳು.
ಕುಡಿದು, ಏಣಿ ಎಲ್ಲಿ ಅಂತ ಕೇಳಿದೆ.